ಕುಂದಣಿ ಅಂದರೆ ಯಾರು?

ಪಸದನ: ಪಿ.ಬಿ. ರಸ್ತೆಯ ನಟ್ಟನಡುವೆ ಮಲಗಿ, ಲಾರಿ ಹಾರ್ನಿಗೂ ಕಿವಿ ಅಲ್ಲಾಡಿಸದ ಹಸು.

ಇದು ಶುದ್ಧ ಸುಳ್ಳು. ಪಸದನ ಅಂದರೆ ಅಲಂಕಾರ, ಸಿಂಗಾರ. ಸಂಸ್ಕೃತದ ಪ್ರಸಾಧನ ಕನ್ನಡಕ್ಕೆ ಬಂದು, ಬಾಯಿಂದ ಬಾಯಿಗೆ ಸವೆದು ಪಸದನ ಆಯಿತು. ಹಳಗನ್ನಡ ಓದಿದವರಿಗೆ ಇದು ಪರಿಚಯದ ಪದ. ಉಳಿದ ನಮಗೆ ಅದರಲ್ಲಿ ಕೇಳಿಸುವುದು ಕೊನೆಯ ಎರಡು ಅಕ್ಷರ ಮಾತ್ರ, ದನ. ಆ ಎರಡಕ್ಷರ ಹಿಡಿದುಕೊಂಡು ಗೆಳೆಯನೊಬ್ಬ ಈ ಅರ್ಥ ಬರೆದ. ದಾವಣಗೆರೆಯಲ್ಲಿ ಗಾಡಿ ಓಡಿಸಿದವರಿಗೆ ಆ ಹಸು ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ಸುಳ್ಳು ಅರ್ಥ ಗೊತ್ತಾದ ಮೇಲೆ ನಿಜವಾದ ಅರ್ಥ ನನ್ನ ತಲೆಯಿಂದ ಹೋಗಲೇ ಇಲ್ಲ. ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಉರು ಹೊಡೆದ ಎಷ್ಟೋ ಹಳಗನ್ನಡ ಪದಗಳು ಮಾರನೇ ದಿನವೇ ಹೋದವು. ಪಸದನ ಕೂತುಬಿಟ್ಟಿದೆ, ರಸ್ತೆ ಮಧ್ಯೆ, ಏಳುವ ಹಾಗೇ ಇಲ್ಲ.

ಆಟ ತುಂಬಾ ಸರಳ. ಮಂಡಿಪೇಟೆಯಲ್ಲಿ ಗೆಳೆಯನ ಅಂಗಡಿ ಇದೆ. ಬಾಗಿಲು ಹಾಕಿದ ಮೇಲೆ ಹಿಂದಿನ ಕೋಣೆಯಲ್ಲಿ ಕೆಲವರು ಸೇರುತ್ತೇವೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬರುತ್ತದೆ. ಒಬ್ಬರು ನಿಘಂಟಿನಿಂದ ಯಾರಿಗೂ ಗೊತ್ತಿರದ ಪದ ಹುಡುಕಿ ಜೋರಾಗಿ ಓದುತ್ತಾರೆ. ಉಳಿದವರು ತಮಗೆ ತೋಚಿದ ಅರ್ಥವನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ನಿಜವಾದ ಅರ್ಥದ ಚೀಟಿಯೂ ಅದರಲ್ಲೇ ಸೇರಿಕೊಂಡಿರುತ್ತದೆ. ಎಲ್ಲ ಕಲಸಿ ಓದಿದಾಗ ಯಾವುದು ನಿಜ ಅಂತ ಕಂಡುಹಿಡಿಯಬೇಕು. ಇಂಗ್ಲಿಷಿನವರಿಗೆ ಇದು ಹಳೇ ಆಟ, ಬಿಬಿಸಿಯವರು 1965ರಲ್ಲೇ ಇಂಥದ್ದನ್ನು ಟೀವಿ ಕಾರ್ಯಕ್ರಮ ಮಾಡಿದ್ದರು. ಅಲ್ಲಿ ಎದುರಾಳಿಯನ್ನು ನಂಬಿಸಿದವರು ಗೆಲ್ಲುತ್ತಾರೆ. ನಮ್ಮಲ್ಲಿ ಬರಬರುತ್ತಾ ನಂಬಿಸುವ ಹಟ ಕಡಿಮೆಯಾಯಿತು. ಯಾರೂ ನಂಬದಿದ್ದರೂ ಚಿಂತೆಯಿಲ್ಲ, ಕೇಳಿದವರು "ಹೌದಲ್ಲಲೇ, ಇದಕ್ಕೊಂದು ಹೆಸರು ಬೇಕಿತ್ತು" ಅನ್ನಬೇಕು. ಅಂಥ ಚೀಟಿಗೇ ಈಗ ಮರ್ಯಾದೆ ಜಾಸ್ತಿ.

ಯೋಚಿಸಿದರೆ ಇದು ನಮ್ಮ ಒಗಟನ್ನೇ ತಲೆಕೆಳಗು ಮಾಡಿದ ಆಟ. ಒಗಟಿನಲ್ಲಿ ವರ್ಣನೆ ಮೊದಲು ಬರುತ್ತದೆ, ಹೆಸರನ್ನು ನಾವು ಹುಡುಕಬೇಕು. ಇಲ್ಲಿ ಹೆಸರು ಸಿಕ್ಕಿರುತ್ತದೆ, ವರ್ಣನೆ ಕಟ್ಟಬೇಕು. ಸುಗ್ಗಿ ಕಣದಲ್ಲೂ ಮದುವೆ ಮನೆಯಲ್ಲೂ ಒಗಟು ಹೇಳಿಕೊಂಡು ಬೆಳೆದ ಸೀಮೆಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅದೂ ಅಲ್ಲದೆ, ಅರ್ಥ ಗೊತ್ತಿಲ್ಲದ ಹೆಸರನ್ನು ಹಾಗೇ ಬಿಡುವ ಜಾಯಮಾನ ನಮ್ಮದಲ್ಲ. ದಾವಣಗೆರೆ ಅನ್ನುವ ಹೆಸರಿಗೇ ಎಷ್ಟು ಕತೆ! ದಾವಣಿ ಅಂದರೆ ದನ, ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗ. ಹಾಗೆ ಕಟ್ಟಿ ನೀರು ಕುಡಿಸುತ್ತಿದ್ದ ಕೆರೆ ದಾವಣಿಕೆರೆ, ಆಮೇಲೆ ದಾವಣಗೆರೆ ಅನ್ನುವವರಿದ್ದಾರೆ. ಅಲ್ಲ, ಅದು ದೇವನಗರಿ ಅನ್ನುವವರೂ ಇದ್ದಾರೆ. ಚಿತ್ರದುರ್ಗದ ಬೆಟ್ಟ ಹತ್ತಿದರೆ ಹಿಡಿಂಬೇಶ್ವರ ಗುಡಿ ಸಿಗುತ್ತದೆ. ಬಂಡೆಗಳ ಆ ರಾಶಿಗೆ ಹಿಡಿಂಬ ಮತ್ತು ಭೀಮನ ಜಗಳವೇ ಕಾರಣ ಅಂತ ಊರಿನವರು ಕತೆ ಹೇಳುತ್ತಾರೆ. ಕಂಡದ್ದಕ್ಕೆ, ಕೇಳಿದ್ದಕ್ಕೆ ಕಾರಣ ಕಟ್ಟುವುದು ರಕ್ತದಲ್ಲೇ ಇದೆ ಅಂತ ಕಾಣುತ್ತದೆ.

ಆದರೆ ಒಳ್ಳೇ ಸುಳ್ಳು ಅರ್ಥ ಬರೆಯುವುದು ಸುಲಭವಲ್ಲ. ಬಾಯಿಗೆ ಬಂದದ್ದು ಬರೆದರೆ ನಗು ಬರುವುದಿಲ್ಲ. ಪದವನ್ನು ಮೊದಲು ಕಿವಿಗೊಟ್ಟು ಕೇಳಬೇಕು. ಕಂಡಿಕೆ ತೆಗೆದುಕೊಳ್ಳಿ. ಇದು ನೇಕಾರರ ಪದ. ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಪುಟ್ಟ ಕೊಳವೆ. ಲಾಳಿ ಆ ಕಡೆ ಈ ಕಡೆ ಓಡುವಾಗ ಹೊಕ್ಕಿನ ನೂಲು ಬಿಚ್ಚಿಕೊಳ್ಳುತ್ತಾ ಹೋಗುವುದು ಇದರಿಂದಲೇ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಅರಳೆ, ಹಂಜಿ, ಕದಿರು, ಲಡಿ, ಲಾಳಿ ಇವೆಲ್ಲ ಮನೆಮಾತಾಗಿದ್ದ ಕೇರಿಗಳು ಇಲ್ಲಿದ್ದವು. ಬಹುತೇಕ ಮಿಲ್ಲುಗಳು ಮುಚ್ಚಿದವು. ಪದಗಳೂ ಅವುಗಳ ಹಿಂದೆಯೇ ಹೋದವು. ಕಂಡಿಕೆ ಅಂತ ಓದಿದಾಗ ಕೋಣೆಯಲ್ಲಿದ್ದ ಯಾರಿಗೂ ಅರ್ಥ ಗೊತ್ತಿರಲಿಲ್ಲ. ಅವತ್ತು ಬಂದ ಚೀಟಿಗಳಲ್ಲಿ ಒಂದು ಹೀಗಿತ್ತು:

ಕಂಡಿಕೆ: ಎದುರಿಗೆ ಬರುತ್ತಿರುವವರು ಸಾಲ ಕೊಟ್ಟವರು ಎಂದು ಗೊತ್ತಾದ ಕೂಡಲೇ, ರಸ್ತೆಯ ಆಚೆ ಬದಿಯ ಬೋರ್ಡುಗಳನ್ನು ಆಸಕ್ತಿಯಿಂದ ಓದತೊಡಗುವುದು.

ಬಿದ್ದು ಬಿದ್ದು ನಕ್ಕೆವು. ಆಮೇಲೆ ಇದು ಯಾಕೆ ಇಷ್ಟು ಹೊಂದಿಕೊಂಡಿತು ಅಂತ ನೋಡಿದೆವು. ಮೊದಲ ಭಾಗದಲ್ಲಿ 'ಕಂಡ' ಇದೆ. ಕೊನೆಗೆ 'ಇಕೆ' ಇದೆ. ನಂಬು ನಂಬಿಕೆ ಆಗುತ್ತದೆ, ಬೇಡು ಬೇಡಿಕೆ, ನಾಚು ನಾಚಿಕೆ. ಹಾಗಾಗಿ ಕಂಡಿಕೆ ಅನ್ನುವುದು ಕಾಣುವುದಕ್ಕೆ ಸಂಬಂಧಪಟ್ಟ ಯಾವುದೋ ನಡವಳಿಕೆ ಅಂತ ಕಿವಿ ಮೊದಲೇ ಒಪ್ಪಿಕೊಂಡಿರುತ್ತದೆ. ನಮ್ಮ ಜೊತೆ ಬರುವ ನಿವೃತ್ತ ಕನ್ನಡ ಮೇಷ್ಟ್ರು ಮಾತ್ರ ಒಪ್ಪಲಿಲ್ಲ. 'ಇಕೆ' ಸೇರುವುದು ಧಾತುವಿಗೆ, 'ಕಂಡ' ಅನ್ನುವ ಭೂತಕಾಲದ ರೂಪಕ್ಕಲ್ಲ, ಕಾಣು ಎಂಬುದರಿಂದ ಆಗಬೇಕಾದದ್ದು ಕಾಣಿಕೆ, ಆ ಪದ ನಮ್ಮಲ್ಲಿ ಆಗಲೇ ಇದೆ ಅಂದರು. ದೊಡ್ಡವರನ್ನು ಕಾಣಲು ಹೋದಾಗ ಕೊಡುವುದೇ ಕಾಣಿಕೆ. ಅಷ್ಟು ದಿನ ಕಾಣಿಕೆ ಅನ್ನುತ್ತಿದ್ದ ನಾವ್ಯಾರೂ ಅದರೊಳಗೆ ಕಾಣುವುದಿದೆ ಅಂತ ಗಮನಿಸಿರಲಿಲ್ಲ. ಒಂದು ಸುಳ್ಳಿನಿಂದ ಇಷ್ಟು ವ್ಯಾಕರಣ ಸಿಕ್ಕಿತು. ಪಾಠದ ಹೊತ್ತಿನಲ್ಲಿ ಇದನ್ನು ಇಷ್ಟು ಆಸೆಯಿಂದ ಕೇಳಿರುತ್ತಿದ್ದೆವಾ ಅನ್ನುವುದು ನನಗೆ ಅನುಮಾನ.

ಇನ್ನೊಂದು ಗುಟ್ಟು ದನಿಯದು. ನಿಘಂಟಿನ ದನಿ ಗಂಭೀರವಾಗಿರಬೇಕು. ಅರ್ಥ ಬರೆದವರು ನಗಬಾರದು, ವಿವರಿಸಬಾರದು, ಕೊನೆಗೆ ಆಶ್ಚರ್ಯಸೂಚಕ ಹಾಕಬಾರದು. ಕಿಟೆಲ್ ಬರೆದ ಹಾಗೇ ಇರಬೇಕು. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟೆಲ್ ದಶಕಗಟ್ಟಲೆ ಕೂತು ಸುಮಾರು 70 ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು, 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ನಾವು ಪದ ಹೆಕ್ಕುವುದು ಹೆಚ್ಚಾಗಿ ಅದರಿಂದ, ಇಲ್ಲವೇ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿಂದ. ಫೋನಿನಲ್ಲಿ ಬೇಕಾದರೆ ವಿ. ಕೃಷ್ಣ ಅವರ 'ಅಲರ್' ನಿಘಂಟು ಇದೆ. ಇವನ್ನೆಲ್ಲ ತೆರೆದಾಗ ಮೊದಲು ಬರುವುದು ಭಯ. ಒಬ್ಬ ಮನುಷ್ಯ ಒಂದು ಪದಕ್ಕೆ ಕೊಟ್ಟ ಗಮನ ಎಷ್ಟಿರಬೇಕು! ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಊರೂರಿನ ಓದುಗರ ಪದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ ಹಿರಿಯರು. ಯಾವ ಪ್ರಶ್ನೆಯೂ ಅವರಿಗೆ ಸಣ್ಣದಾಗಿ ಕಂಡದ್ದಿಲ್ಲ. ಅಂಥವರ ಕೆಲಸದ ಮೇಲೆ ಗೌರವ ಇಲ್ಲದವರು ಈ ಆಟ ಆಡಲಾರರು. ನಿಜವಾದ ಅರ್ಥ ಎಷ್ಟು ಅಚ್ಚುಕಟ್ಟಾಗಿ ಕೂತಿದೆ ಅಂತ ಗೊತ್ತಿದ್ದರೆ ತಾನೇ ಸುಳ್ಳನ್ನೂ ಅಷ್ಟೇ ಅಚ್ಚುಕಟ್ಟಾಗಿ ಕೂರಿಸಲು ಆಗುವುದು.

ನಿಘಂಟಿನವರೂ ಕೆಲವು ಸಲ ನಕ್ಕಿದ್ದಾರೆ. 1755ರಲ್ಲಿ ಬಂದ ಸ್ಯಾಮುಯಲ್ ಜಾನ್ಸನ್ನರ ಇಂಗ್ಲಿಷ್ ನಿಘಂಟಿನಲ್ಲಿ ಓಟ್ಸ್ ಅನ್ನುವ ಪದಕ್ಕೆ, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನ ತಿನ್ನುವ ಧಾನ್ಯ ಎಂಬ ಅರ್ಥ ಇದೆ. ನಿಘಂಟುಕಾರ ಅನ್ನುವ ಪದಕ್ಕೆ ಯಾರಿಗೂ ತೊಂದರೆ ಕೊಡದೆ ಗೇಯುವವನು ಅನ್ನುವಂಥ ಅರ್ಥ ಬರೆದಿದ್ದಾರೆ. ನಮ್ಮಲ್ಲಿ ಬೀಚಿ ಇದ್ದರು. ಹರಪನಹಳ್ಳಿಯಲ್ಲಿ ಹುಟ್ಟಿದವರು. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಅವರು ನಮ್ಮವರು ಅಂತ ಹೇಳಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ. ಅವರ 'ತಿಮ್ಮಿಕ್ಷನರಿ' ಪೂರ್ತಿ ಇಂಥ ನಗೆ ಅರ್ಥಗಳದ್ದೇ. ಅಲ್ಲೊಂದು ವ್ಯತ್ಯಾಸ ಇದೆ. ಬೀಚಿ ಹಿಡಿದದ್ದು ಎಲ್ಲರಿಗೂ ಗೊತ್ತಿರುವ ಪದಗಳನ್ನು. ಗೊತ್ತಿದ್ದ ಅರ್ಥವನ್ನು ಒಂದು ಸುತ್ತು ತಿರುಗಿಸಿ ಅದರ ಬೆನ್ನು ತೋರಿಸುತ್ತಿದ್ದರು. ಗೊತ್ತಿಲ್ಲದ ಪದದಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ಮೊದಲು ಒಂದು ವಸ್ತುವನ್ನೋ, ಮನುಷ್ಯನನ್ನೋ, ಪಜೀತಿಯನ್ನೋ ಹುಡುಕಿ ತಂದು ಅದರೊಳಗೆ ಕೂರಿಸಬೇಕು. ನನಗೆ ಎರಡನೆಯದೇ ಹೆಚ್ಚು ಇಷ್ಟ. ನಮ್ಮ ದಿನದ ಬದುಕಿನಲ್ಲಿ ಹೆಸರಿಲ್ಲದ ಎಷ್ಟು ಸಂಗತಿಗಳಿವೆ ಅನ್ನುವುದು ಆಗ ಗೊತ್ತಾಗುತ್ತದೆ.

ಈಗ ಕುಂದಣಿಯ ವಿಷಯಕ್ಕೆ ಬರುತ್ತೇನೆ. ಈ ಬರಹ ಶುರು ಮಾಡಿದ್ದೇ ಅದಕ್ಕೋಸ್ಕರ.

ಸೀಗೆ ಹುಣ್ಣಿಮೆಗೆ ಆನಗೋಡು ಕಡೆಯ ಗೆಳೆಯನೊಬ್ಬ ಊರಿಗೆ ಕರೆದಿದ್ದ. ಹೊಲಕ್ಕೆ ಹೋಗಿ ಪೂಜೆ ಮಾಡಿ, ಚರಗ ಚೆಲ್ಲಿ, ಉಂಡು ಮನೆಗೆ ಬಂದೆವು. ಅವನ ಅಜ್ಜಿ ಎಂಬತ್ತು ದಾಟಿದವರು. ನಮ್ಮಲ್ಲೊಬ್ಬ ಫೋನಿನ ರೆಕಾರ್ಡರ್ ಆನ್ ಮಾಡಿ ಅವರ ಮುಂದೆ ಹಿಡಿದು, "ಅಜ್ಜಿ, ನಿಮ್ ಕಾಲದ್ ಹಳೇ ಪದ ಏನಾರ ಹೇಳ್ರಿ" ಅಂದ. ಅಜ್ಜಿ ಫೋನ್ ನೋಡಿದರು, ಅವನ ಮುಖ ನೋಡಿದರು. "ಹಳೇ ಪದ ಎಂಥವಪ್ಪ, ನಾನೇ ಹಳೇಕಿ" ಅಂದು ಸೆರಗು ಸರಿಮಾಡಿಕೊಂಡು ಸುಮ್ಮನಾದರು. ಎರಡು ಮೂರು ಸಲ ಕೇಳಿದರೂ ಅಷ್ಟೇ. ಕೇಳಿದ ರೀತಿಯೇ ಹಾಗಿತ್ತು. ಯಾರಿಗಾದರೂ 'ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿ' ಅಂದರೆ ಏನು ಹೇಳುತ್ತಾರೆ? ಅವರ ಪಾಲಿಗೆ ಅವು ಹಳೇ ಪದಗಳೇ ಅಲ್ಲ, ಪದಗಳು.

ಸರಿ ಅಂತ ನಾವು ಪಡಸಾಲೆಯಲ್ಲಿ ನಮ್ಮ ಆಟಕ್ಕೆ ಕೂತೆವು. ಅಜ್ಜಿ ಒಳಬಾಗಿಲ ಹತ್ತಿರ ಸೇಂಗಾ ಸುಲಿಯುತ್ತಾ ಕೂತಿದ್ದರು. ಅವತ್ತಿನ ಪದ ಕುಂದಣಿ. ಚೀಟಿಗಳು ಬಂದವು. ಒಂದನ್ನು ಓದಿದೆವು:

ಕುಂದಣಿ: ಮನೆಗೆ ಬಂದು, ಸೋಫಾದಿಂದ ಸಾರಿನವರೆಗೆ ಎಲ್ಲದರಲ್ಲೂ ಕುಂದು ಹುಡುಕಿ, ಹುಡುಕಿ ದಣಿಯದ ನೆಂಟ.

ಕುಂದು, ದಣಿ. ಚೆನ್ನಾಗಿ ಕೂತಿತ್ತು. ನಾವು ನಗುವಷ್ಟರಲ್ಲಿ ಬಾಗಿಲ ಕಡೆಯಿಂದ ಅಜ್ಜಿಯ ದನಿ ಬಂತು.

"ಯಾರಲೇ ಅಂದಿದ್ದು ಕುಂದಣಿ ಅಂದ್ರೆ ನೆಂಟ ಅಂತ? ಏನ್ ಓದೀರಲೇ ನೀವು!"

ಸೇಂಗಾ ಬುಟ್ಟಿ ಪಕ್ಕಕ್ಕೆ ಸರಿಸಿ, ಎರಡೂ ಕೈ ಮುಂದೆ ಚಾಚಿ ದುಂಡಗೆ ಮಾಡಿ ತೋರಿಸಿದರು. ನೆಲದಲ್ಲಿ ಹೂತ ಒಳ್ಳು, ಅಂದರೆ ಒರಳು ಇರುತ್ತದೆ. ಅದರ ಬಾಯಿ ಸುತ್ತ ಇದನ್ನು ಇಡಬೇಕು, ತಳವಿಲ್ಲದ ಬಳೆ ಥರದ್ದು. ಮರದ್ದೂ ಇರುತ್ತದೆ, ಅವರ ಮನೆಯಲ್ಲಿ ಬಿದಿರಿನದಿತ್ತು. ಒನಕೆ ಬಿದ್ದಾಗ ಕಾಳು ಸಿಡಿದು ಹೊರಗೆ ಹೋಗಬಾರದು, ಅದಕ್ಕೆ ಕುಂದಣಿ. ಇಬ್ಬರು ಎದುರುಬದುರು ನಿಂತು ಕುಟ್ಟುವಾಗ ಅದು ಜರುಗದ ಹಾಗೆ ಒಬ್ಬರು ಕಾಲಲ್ಲಿ ಒತ್ತಿ ಹಿಡಿಯುತ್ತಿದ್ದರಂತೆ. ಇಷ್ಟು ಹೇಳಿ ಒಂದು ಗಳಿಗೆ ಸುಮ್ಮನಿದ್ದು, "ಆ ನಿಮ್ ನೆಂಟನ ಬಾಯಿಗೂ ಒಂದು ಕುಂದಣಿ ಇಡ್ರಿ, ಸರಿಹೋಗ್ತಾನೆ" ಅಂದರು. ನಮ್ಮ ಚೀಟಿಗಿಂತ ಅದೇ ಮೇಲಾಗಿತ್ತು.

ಆಮೇಲೆ ಅಜ್ಜಿ ನಿಲ್ಲಲಿಲ್ಲ. ಕುಟ್ಟಿದ ಮೇಲೆ ಕೇರಬೇಕಲ್ಲ, ಕೇರುವುದು ಬೇರೆ ಒನೆಯುವುದು ಬೇರೆ ಅಂದರು. ನಮಗೆ ಎರಡೂ ಒಂದೇ. ಎದ್ದು ಒಳಗೆ ಹೋಗಿ ಮೊರ ತಂದರು. ಅದಕ್ಕೆ ಒಂದಿಷ್ಟು ಸೇಂಗಾ ಸಿಪ್ಪೆ, ಕಾಳು ಸುರಿದು ಮೇಲಕ್ಕೆ ಚಿಮ್ಮಿದರು. ಸಿಪ್ಪೆ ಗಾಳಿಗೆ ಮುಂದಕ್ಕೆ ಹಾರಿತು, ಕಾಳು ಹಿಂದಕ್ಕೆ, ಅವರ ಹೊಟ್ಟೆಯ ಕಡೆಗೆ ಬಂದು ಕೂತಿತು. ಇದು ಕೇರುವುದು. ಆಮೇಲೆ ಮೊರವನ್ನು ಸ್ವಲ್ಪ ಓರೆ ಮಾಡಿ ಚಿಮ್ಮದೆ ಅಲ್ಲಾಡಿಸತೊಡಗಿದರು. ಸದ್ದೇ ಬದಲಾಯಿತು, ಚಟ್ ಚಟ್ ಅನ್ನುತ್ತಿದ್ದದ್ದು ಜರ್ ಜರ್ ಆಯಿತು. ದಪ್ಪ ಕಾಳು ಒಂದು ಕಡೆ, ಚೂರುಪಾರು ಇನ್ನೊಂದು ಕಡೆ ನಿಧಾನಕ್ಕೆ ಬೇರೆಯಾದವು. ಇದು ಒನೆಯುವುದು. ಕಣದಲ್ಲಿ ಎತ್ತರಕ್ಕೆ ನಿಂತು ಗಾಳಿಗೆ ಸುರಿದರೆ ಅದು ತೂರುವುದು. ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲು ತೆಗೆದರೆ ಜಾಲಿಸುವುದು. ರೆಕಾರ್ಡರ್ ಹಿಡಿದಿದ್ದವನು ಅದನ್ನು ಆಫ್ ಮಾಡಿ ಜೇಬಿಗೆ ಹಾಕಿಕೊಂಡಿದ್ದ, ಮತ್ತೆ ತೆಗೆಯಬೇಕು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಬಾಯಿ ಬಿಟ್ಟುಕೊಂಡು ಮೊರ ನೋಡುತ್ತಿದ್ದ.

ಅವತ್ತಿನಿಂದ ಈ ಆಟದ ಬಗ್ಗೆ ನನ್ನ ನಂಬಿಕೆ ಗಟ್ಟಿಯಾಗಿದೆ. ಸರಿಯಾದ ಅರ್ಥ ಕೇಳಿದರೆ ಜನ ಹಿಂಜರಿಯುತ್ತಾರೆ. ತಪ್ಪು ಅರ್ಥ ಹೇಳಿದರೆ ತಡೆದುಕೊಳ್ಳಲಾರರು. ಅದರಲ್ಲೂ ಅರ್ಥ ತಮಾಷೆಯದಾಗಿದ್ದರೆ, ತಿದ್ದುವವರಿಗೆ ಎದುರಿಗಿನವರನ್ನು ನೋಯಿಸುತ್ತೇನೆ ಅನ್ನುವ ಅಳುಕೂ ಇರುವುದಿಲ್ಲ. ನಗುತ್ತಲೇ ಬೈಯುತ್ತಾರೆ, ಬೈಯುತ್ತಲೇ ಕೈಯಲ್ಲಿ ಮಾಡಿ ತೋರಿಸುತ್ತಾರೆ. ಒಂದು ಪದ ಎಳೆದರೆ ಅದರ ಹಿಂದೆ ಆ ಮನೆಯ, ಆ ಕೆಲಸದ ಇಡೀ ಸಾಲು ಬರುತ್ತದೆ. ನಿಘಂಟಿನಲ್ಲಿ ಕುಂದಣಿ 'ಕ'ದಲ್ಲಿದೆ, ಒನಕೆ 'ಒ'ದಲ್ಲಿದೆ, ಮೊರ 'ಮ'ದಲ್ಲಿದೆ. ಅಜ್ಜಿಯ ತಲೆಯಲ್ಲಿ ಅವೆಲ್ಲ ಒಂದೇ ಮೂಲೆಯಲ್ಲಿವೆ.

ಚಿತ್ರದುರ್ಗದ ಕೋಟೆ ನೋಡಲು ಹೋದಾಗಲೆಲ್ಲ ನನಗೆ ಈಗ ಇದೇ ನೆನಪು. ಅಲ್ಲಿ ಓಬವ್ವನ ಕಿಂಡಿಯ ಮುಂದೆ ಮಕ್ಕಳ ಗುಂಪು ನಿಂತಿರುತ್ತದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದದ್ದು, ಆಕೆ ಒನಕೆ ಎತ್ತಿದ್ದು, ಎಲ್ಲವೂ ಆ ಮಕ್ಕಳಿಗೆ ಬಾಯಿಪಾಠ. ಮಿಕ್ಸಿ ಬಿಟ್ಟರೆ ಬೇರೇನೂ ನೋಡದ ಮಗುವಿಗೂ ಒನಕೆ ಗೊತ್ತು. ಆ ಪದವನ್ನು ಓಬವ್ವ ಉಳಿಸಿಕೊಟ್ಟಳು. ಆಕೆಯ ಮನೆಯಲ್ಲೂ ಒನಕೆಯ ಪಕ್ಕದಲ್ಲೇ ಕುಂದಣಿ ಇದ್ದಿರಬಹುದು. ಅದಕ್ಕೆ ಕತೆ ಸಿಗಲಿಲ್ಲ, ಹಾಗಾಗಿ ಅದು ಹೋಯಿತು. ಪ್ರತಿ ಪದಕ್ಕೂ ಓಬವ್ವ ಸಿಗುವುದಿಲ್ಲ ನಿಜ. ಕುಂದು ಹುಡುಕುವ ನೆಂಟನಾದರೂ ಸಿಗಲಿ ಅಂತ ನನ್ನಾಸೆ. ಆ ಚೀಟಿ ಓದಿದ ಮೇಲೆ ನಮ್ಮ ಗುಂಪಿನ ಮನೆಗಳಲ್ಲಿ ಮಕ್ಕಳು ಕೂಡ ಕುಂದಣಿ ಅಂದರೆ ನಿಜವಾಗಿ ಏನು ಅಂತ ಹೇಳುತ್ತಾರೆ.

ಕೆಲವು ಸಲ ಸುಳ್ಳು ಮತ್ತು ನಿಜ ತಾವಾಗೇ ಭೇಟಿಯಾಗುವುದೂ ಉಂಟು. ಹಗೇವು ಅಂತ ಒಂದು ಪದ ಬಂತು. 'ಹಗೆ' ಕಣ್ಣಿಗೆ ಹೊಡೆಯುತ್ತಿತ್ತು, ಒಬ್ಬರು ಬರೆದರು:

ಹಗೇವು: ಮದುವೆಯಲ್ಲಿ ಎರಡನೇ ಸಲ ಹೋಳಿಗೆ ಕೇಳಲಿಲ್ಲ ಎಂದು ಬೀಗರ ಮೇಲೆ ಹುಟ್ಟಿ, ಒಳಗೇ ಹೂತಿಟ್ಟರೂ ಎಷ್ಟು ವರ್ಷವಾದರೂ ಕೆಡದ ಸಿಟ್ಟು.

ಜಗಳೂರು ಕಡೆಯ ರೈತರೊಬ್ಬರು ಅವತ್ತು ಅಂಗಡಿಯಲ್ಲಿದ್ದರು. ಹೂತಿಡುವುದು, ಕೆಡದೇ ಇರುವುದು ಎರಡೂ ಸರಿ, ಸಿಟ್ಟು ತೆಗೆದು ಜೋಳ ಹಾಕಿ ಅಂದರು. ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಒಬ್ಬ ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣಿನಿಂದ ಮೆತ್ತುತ್ತಿದ್ದರು. ಬರಗಾಲ ಹೊಸದಲ್ಲದ ಸೀಮೆ ಇದು. ಮಳೆ ಕೈಕೊಟ್ಟ ವರ್ಷ ಹಗೇವು ತೆಗೆದವರೇ ಬದುಕಿದರು. ಕಾಳು ಕೂಡ ಉಸಿರಾಡುತ್ತದೆ, ಒಳಗಿದ್ದ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಬದುಕುವುದಿಲ್ಲ, ಅದಕ್ಕೇ ಜೋಳ ಕೆಡುವುದಿಲ್ಲ. ಅದೇ ಕಾರಣಕ್ಕೆ ಬಾಯಿ ತೆಗೆದ ಕೂಡಲೇ ಇಳಿದರೆ ಮನುಷ್ಯನೂ ಬದುಕುವುದಿಲ್ಲ. ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಬೀಗರ ಸಿಟ್ಟಿಗೂ ಇದೇ ಪದ್ಧತಿ ಒಳ್ಳೇದು ಅಂತ ಅವರೇ ಸೇರಿಸಿದರು.

ನಮ್ಮ ಹತ್ತಿರ ಒಂದು ನೋಟ್‌ಬುಕ್ ಇದೆ. ಎಡಗಡೆ ಪುಟದಲ್ಲಿ ಸುಳ್ಳು ಅರ್ಥ, ಬಲಗಡೆ ನಿಜವಾದದ್ದು, ಕೆಳಗೆ ಹೇಳಿದವರ ಊರು, ಕಸುಬು. ಬಲಗಡೆ ಖಾಲಿ ಇದ್ದರೆ ಎಡಗಡೆಯದನ್ನು ಹೊರಗೆ ಯಾರಿಗೂ ಕಳಿಸುವಂತಿಲ್ಲ. ಈ ನಿಯಮದ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಸುಳ್ಳು ಅರ್ಥಕ್ಕೆ ಕಾಲು ಜಾಸ್ತಿ. 1934ರಲ್ಲಿ ಬಂದ ವೆಬ್‌ಸ್ಟರ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ 'ಡಾರ್ಡ್' ಅನ್ನುವ ಪದವಿತ್ತು, ಅರ್ಥ ಸಾಂದ್ರತೆ ಎಂದು. ಅಂಥ ಪದವೇ ಇಲ್ಲ. ದೊಡ್ಡ ಡಿ ಅಥವಾ ಚಿಕ್ಕ ಡಿ, ಇವು ಸಾಂದ್ರತೆಯ ಸಂಕೇತ ಅಂತ ಚೀಟಿಯಲ್ಲಿ ಬರೆದದ್ದನ್ನು ಯಾರೋ ಒಟ್ಟಿಗೆ ಒಂದೇ ಪದವಾಗಿ ಓದಿಬಿಟ್ಟರು. 1939ರವರೆಗೆ ಸಂಪಾದಕರ ಕಣ್ಣಿಗೇ ಅದು ಬೀಳಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯ ನಿಘಂಟಿನಲ್ಲೇ ಹೀಗಾದರೆ ನಮ್ಮ ವಾಟ್ಸಾಪ್ ಗುಂಪುಗಳ ಗತಿ ಏನು? ಡಾರ್ಡ್‌ನಿಂದ ಇಂಗ್ಲಿಷಿಗೇನೂ ನಷ್ಟವಾಗಲಿಲ್ಲ, ಅಲ್ಲಿ ತಿದ್ದಲು ಸಾವಿರ ಪುಸ್ತಕಗಳಿದ್ದವು. ಕುಂದಣಿ ಗೊತ್ತಿರುವವರು ನಮ್ಮಲ್ಲಿ ಬೆರಳೆಣಿಕೆ. ಅವರು ಹೋದ ಮೇಲೆ ಫೋನಿನಲ್ಲಿ ಸುತ್ತುವ ನೆಂಟನ ಅರ್ಥವೇ ನಿಜವಾಗಿ ಉಳಿದರೆ, ನಗಿಸಲು ಬರೆದವರೇ ಪದವನ್ನು ಕೊಂದ ಹಾಗೆ.

ಇನ್ನೊಂದು ಮಾತು. ಅಪರೂಪದ ಪದ ಅನ್ನುವಾಗ ಯಾರಿಗೆ ಅಪರೂಪ ಅಂತಲೂ ಕೇಳಿಕೊಳ್ಳಬೇಕು. ಒಮ್ಮೆ ಗೊರಬಲು ಅನ್ನುವ ಪದ ಇಟ್ಟಿದ್ದರು. ಗಂಟಲು ಸರಿಮಾಡಿಕೊಂಡು ಎಲ್ಲರನ್ನೂ ಸುಮ್ಮನಾಗಿಸಿ, ಆಮೇಲೆ ಏನೂ ಮಾತಾಡದವರು ಅಂತ ನಾನು ಬರೆದೆ. ಚನ್ನಗಿರಿಯಿಂದ ಬಂದಿದ್ದ ಗೆಳೆಯ ನಗಲಿಲ್ಲ. ಅವರದು ಅಡಕೆ ತೋಟ. ರಾಶಿ, ಬೆಟ್ಟೆ, ಸರಕು, ಗೊರಬಲು ಇವು ಅಡಕೆಯ ಬಗೆಗಳು, ದಿನ ಬೆಳಗಾದರೆ ಪೇಪರಿನಲ್ಲಿ ಅವುಗಳ ರೇಟು ಬರುತ್ತದೆ. "ಇದರ ಮೇಲೆ ನಮ್ ಮನೆ ನಡೀತದೆ, ಇದೆಂಥಾ ಅಪರೂಪ?" ಅಂದ. ಅವನು ಹೇಳಿದ್ದು ನ್ಯಾಯ. ದಾವಣಗೆರೆಯಿಂದ ಬಸ್ಸು ಹತ್ತಿ ಸ್ವಲ್ಪ ದೂರ ಹೋದರೆ ದಿನಬಳಕೆಯಲ್ಲಿರುವ ಪದ ನಮ್ಮ ಕೋಣೆಯಲ್ಲಿ ಒಗಟಾಗಿತ್ತು. ಅಂದಿನಿಂದ ಯಾರ ಹೊಟ್ಟೆಪಾಡಿನಲ್ಲಿ ಪದ ಇನ್ನೂ ಜೀವಂತ ಇದೆಯೋ ಅವರನ್ನು ಮೊದಲು ಕೂರಿಸಿಕೊಂಡೇ ಆಡುತ್ತೇವೆ, ಕೊನೆ ಮಾತು ಅವರದೇ. ಜನರ ಆಡುಮಾತನ್ನು ಅಣಕಿಸುವ ಚೀಟಿ ಬಂದರೆ ಓದುವುದೇ ಇಲ್ಲ.

ಈಚೆಗೆ ಬಂದವುಗಳಲ್ಲಿ ನನಗೆ ಬಲು ಇಷ್ಟವಾದದ್ದು ಸೊಲ್ಲಗೆ. ಸೊಲ್ಲು ಅಂದರೆ ಮಾತು, ಅದು ಎಲ್ಲರಿಗೂ ಕೇಳಿಸಿತು. ಗೆಳೆಯನ ಹೆಂಡತಿ ಬರೆದ ಚೀಟಿ ಇದು:

ಸೊಲ್ಲಗೆ: ಫೋನಿನಲ್ಲಿ 'ಸರಿ, ಇಡ್ತೀನಿ' ಅಂದ ಮೇಲೆ ನಿಜವಾಗಿ ಇಡುವವರೆಗೆ ನಡೆಯುವ ಮಾತಿನ ಅಳತೆ.

ಸೊಲ್ಲಗೆ ನಿಜವಾಗಲೂ ಅಳತೆಯೇ. ಕಾಳು, ಎಣ್ಣೆ ಅಳೆಯುವ ಚಿಕ್ಕ ಮಾಪು. ಮಂಡಿಪೇಟೆಯ ಹಳೇ ಅಂಗಡಿಗಳಲ್ಲಿ ಪಾವು, ಸೇರು, ಬಳ್ಳ, ಕೊಳಗ ಅಂತ ಅಳೆಯುತ್ತಿದ್ದ ಕಾಲದ್ದು. ಚೀಟಿ ಬರೆದಾಕೆಗೆ ಅದು ಗೊತ್ತಿರಲಿಲ್ಲ, ಕಿವಿಯೇ ದಾರಿ ತೋರಿಸಿತ್ತು. ಈಗ ಆ ಮನೆಯಲ್ಲಿ ಇದು ಚಲಾವಣೆಯ ಪದ. ಊಟಕ್ಕೆ ಕರೆದಾಗ "ಬಂದೆ, ಇನ್ನೊಂದು ಸೊಲ್ಲಗೆ ಬಾಕಿ ಇದೆ" ಅನ್ನುತ್ತಾರೆ. ಆನಗೋಡಿನ ಅಜ್ಜಿ ಹಬ್ಬಕ್ಕೆ ಅಂತ ದಾವಣಗೆರೆಗೆ ಬಂದಾಗ ಅವರ ಮುಂದೆಯೇ ಒಂದು ಸಂಜೆ ಹೀಗಾಯಿತು. ಅತ್ತ ಕಡೆ ಫೋನಿನಲ್ಲಿ ತವರಿನವರು, ಇತ್ತ ಕಡೆ ತಟ್ಟೆ ಹಾಕಿಯಾಗಿದೆ, ಸಾರು ಆರುತ್ತಿದೆ. "ಸೊಲ್ಲಗೆ ಮುಗೀತಾ?" ಅಂತ ಗಂಡ ಕೂಗಿದ. ಅಜ್ಜಿಗೆ ಯಾವ ಲೆಕ್ಕದಲ್ಲಿ ಸೊಲ್ಲಗೆ ಅನ್ನುತ್ತಿದ್ದಾನೆ ಅಂತ ವಿವರಿಸಿದೆವು. ಪೂರ್ತಿ ಕೇಳಿಸಿಕೊಂಡರು. ಅಡುಗೆಮನೆ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದವಳ ಕಡೆ ಒಂದು ಸಲ ನೋಡಿ ತಿದ್ದಿದರು:

"ಸೊಲ್ಲಗೆ ಎಲ್ಲೈತೋ ತಮ್ಮಾ? ಇಪ್ಪತ್ತು ಕೊಳಗ ಆದ್ರೆ ಒಂದು ಖಂಡುಗ. ಈಕಿದು ಖಂಡುಗದ ಲೆಕ್ಕ, ನೀನು ಉಣ್ಣು."